ಮೇಜಿನ ಮೇಲಣ ದಳವಾಯಿಗಳು

1565ನೆಯ ಇಸವಿ ಜನವರಿ 23ರಂದು ವಿಜಯನಗರದ ಸೈನ್ಯವು ಕೃಷ್ಣೆಯ ಬದಿಯಲ್ಲಿ ಸೋತುಹೋಯಿತೆಂಬ ವಾರ್ತೆಯನ್ನು ಇನ್ನೂ ಅಂಗೀಕರಿಸದಿರುವ ಮಹನೀಯರು ಕನ್ನಡನಾಡಿನಲ್ಲಿ ಅಲ್ಲಲ್ಲಿ ಉಳಿದಿದ್ದಾರೆ. ಅವರಲ್ಲಿ ಒಬ್ಬರು ದೇವರ ಹಿಪ್ಪರಗಿಯಲ್ಲಿ ವಾಸವಾಗಿರುವರು. ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿ ನಿವೃತ್ತರಾದ ಈ ಮಾಸ್ತರರು, ಸೇವೆಯಲ್ಲಿದ್ದಷ್ಟು ಕಾಲವೂ ಪಠ್ಯಪುಸ್ತಕಕ್ಕೆ ಅಂಜಿ ವಿಜಯನಗರವನ್ನು ವರ್ಷವರ್ಷವೂ ಸೋಲಿಸುತ್ತ ಬಂದರು. ಪೆನ್ಶನ್ನು ಕೈಗೆ ಬಂದ ತಿಂಗಳಿನಿಂದ, ಆ ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ, ತಮ್ಮ ಪಡಸಾಲೆಯ ಹಳೆಯ ಮೇಜಿನ ಮೇಲೆ ಅದನ್ನು ಗೆಲ್ಲಿಸುವ ಉದ್ಯೋಗಕ್ಕೆ ಕೈಹಚ್ಚಿದ್ದಾರೆ. ಎಳ್ಳಮವಾಸ್ಯೆಯ ಚರಗವನ್ನು ಚೆಲ್ಲಿ ಮುಗಿದು, ಹೊಲಗಳಲ್ಲಿ ಸೀತನಿ ಸುಡುವ ಕಾಲ ಬಂದಿತೆಂದರೆ, ಕಿವಿ ಮುಚ್ಚುವಂತೆ ಕುಲಾಯಿ ತೊಟ್ಟು, ಕೌದಿ ಹೊದ್ದು, ಕೈತೋಳಿನ ಕುರ್ಚಿಯಲ್ಲಿ ವಿರಾಜಮಾನರಾಗಿ ಅವರು ಸೈನ್ಯವನ್ನು ಜಮಾಯಿಸತೊಡಗುವರು. ಊರವರು ಅವರನ್ನು ದಳವಾಯಿಗಳೆಂದು ಕರೆಯುತ್ತಾರೆ. ಅದು ಪರಿಹಾಸವೆಂಬುದು ಅವರಿಗೆ ತಿಳಿದಂತಿಲ್ಲ. ತಿಳಿದರೂ ಪದವಿಯನ್ನು ಬಿಟ್ಟುಕೊಡುವವರಲ್ಲ.

ರಣರಂಗದ ನಿರ್ಮಾಣವೆಂಬುದು ಸಾಮಾನ್ಯ ವಿಷಯವಲ್ಲ. ಎರೆಮಣ್ಣನ್ನು ಸಾಣಿಗೆಯಲ್ಲಿ ಹಿಡಿದು ಮೇಜಿನ ತುಂಬ ಹರಡಿ, ಧರ್ಮಪತ್ನಿಯವರ ಹಳೆಯ ಇಳಕಲ್ಲ ಸೀರೆಯ ಅಂಚನ್ನು ಕೃಷ್ಣಾನದಿಯಾಗಿ ಹಾಸಿ, ಜೋಳದ ಕಣಿಕೆಯ ಚೂರುಗಳನ್ನು ಹೊಲಗಳಾಗಿ ನೆಟ್ಟಮೇಲೆ ಕಾಲಾಳುಗಳ ಸರದಿ. ವಿಜಯನಗರದ ಕಡೆಗೆ ತೊಗರಿ, ಎದುರಾಳಿಗಳಾದ ದಖ್ಖಣದ ಸುಲ್ತಾನರ ಕಡೆಗೆ ಕಡಲೆ. ಮಣ್ಣೆತ್ತಿನ ಅಮವಾಸ್ಯೆಯಲ್ಲಿ ಪೂಜೆಗೊಂಡು ಉಳಿದ ಎತ್ತುಗಳಿಗೆ ಸೊಂಡಿಲು ಅಂಟಿಸಿದೊಡನೆ ಗಜದಳವು ಸಿದ್ಧವಾಗುವುದು. ಫಿರಂಗಿಗಳು ಮುರಿದ ಸೈಕಲ್ ಪಂಪಿನಿಂದ ಹುಟ್ಟಿದವು. ಅವುಗಳಲ್ಲಿ ಹಿರಿದಾದುದಕ್ಕೆ ಮುಲುಕ್ ಮೈದಾನ್ ಎಂದು ಹೆಸರು. 1549ರಲ್ಲಿ ಅಹಮದನಗರದಲ್ಲಿ ಎರಕವಾಗಿ ಈಗ ವಿಜಾಪುರದ ಬುರುಜಿನ ಮೇಲೆ ಬಾಯ್ದೆರೆದು ಮಲಗಿರುವ ಆ ಮಹಾತೋಪು ಈ ಯುದ್ಧದಲ್ಲಿ ಗರ್ಜಿಸಿತ್ತೆಂದು ಹೇಳುವವರುಂಟು. ಅಹಮದನಗರದ ನಿಜಾಮಶಾಹನ ತೋಪಖಾನೆಯ ಅಧಿಪತಿಯಾದ ರೂಮಿಖಾನನು ಶತ್ರು ಹತ್ತಿರ ಬಂದಾಗ ತಾಮ್ರದ ಕಾಸುಗಳನ್ನೇ ತುಂಬಿ ಹಾರಿಸಿದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನಷ್ಟೆ. ಇತರ ಯಾವ ವಿಷಯದಲ್ಲಿಯೂ ಫೆರಿಸ್ತಾನನ್ನು ನಂಬದ ಮಾಸ್ತರರು, ಅಜ್ಜಿಯ ಗಡಿಗೆಯೊಳಗಿನ ಹಳೆಯ ಕಾಸುಗಳು ಮನೆಯಲ್ಲಿರುವ ಕಾರಣ, ಈ ಒಂದು ಸಂಗತಿಯನ್ನು ಮಾತ್ರ ಪೂರ್ಣವಾಗಿ ನಂಬುತ್ತಾರೆ. ಹತರಾದ ತೊಗರಿಯೋಧರನ್ನು ಮನೆಯವರು ಸಂಜೆಗೆ ನೀರಿನಲ್ಲಿ ತೊಳೆದು ಕಾಳುಪಲ್ಯಕ್ಕೆ ಹಾಕುವುದರಿಂದ, ವೀರಸ್ವರ್ಗದ ವಿಷಯದಲ್ಲಿ ಆ ಮನೆಯಲ್ಲಿ ಯಾರಿಗೂ ಸಂದೇಹವಿಲ್ಲ.

ಸೈನ್ಯದಿಂದ ನಿವೃತ್ತರಾದ ಅವರ ಬೀಗರು ಒಮ್ಮೆ ಬಂದಿದ್ದಾಗ, ಈ ಆಟವನ್ನು ಪಶ್ಚಿಮದವರು ಶಾಸ್ತ್ರವನ್ನಾಗಿಯೇ ಮಾಡಿದ್ದಾರೆಂದೂ, 1824ರಲ್ಲಿ ಪ್ರಶ್ಯದ ರೈಸ್‌ವಿಟ್ಸ್ ಎಂಬ ತರುಣ ಅಧಿಕಾರಿಯು ನಕ್ಷೆಯ ಮೇಲಿನ ಇಂಥ ಯುದ್ಧವನ್ನು ತನ್ನ ಸೇನಾಪತಿಗಳಿಗೆ ಕಲಿಸಿದನೆಂದೂ, 1913ರಲ್ಲಿ ಎಚ್. ಜಿ. ವೆಲ್ಸ್ ಮಹಾಶಯನು ಆಟಿಗೆಯ ಸಿಪಾಯಿಗಳ ಸಮರಕ್ಕೆ ನಿಯಮಗ್ರಂಥವನ್ನೇ ಬರೆದನೆಂದೂ, 1944ರ ಡಿಸೆಂಬರಿನಲ್ಲಿ ಆರ್ಡೆನ್ಸ್ ಅರಣ್ಯದ ಹಿಮದಲ್ಲಿ ನಡೆದ ಯುದ್ಧವನ್ನು ಬಿಳಿಯ ಪುಡಿಯುದುರಿಸಿ ಇಂದಿಗೂ ಮೇಜಿನ ಮೇಲೆ ಹೂಡುವವರಿದ್ದಾರೆಂದೂ ತಿಳಿಸಿ, ಹಿಮವಿಲ್ಲದ ಮೇಲೆ ಇದೆಂಥ ಚಳಿಗಾಲದ ಯುದ್ಧವೆಂದು ಕೆಣಕಿದರು. ಮಾಸ್ತರರು ಕೌದಿಯನ್ನು ಸರಿಪಡಿಸಿಕೊಂಡು ಉತ್ತರ ಕೊಟ್ಟ ಗಾಂಭೀರ್ಯವು ವರ್ಣನಾತೀತವಾದುದು: ದಖ್ಖಣದಲ್ಲಿ ಚಳಿಗಾಲವೆಂದರೆ ಬೀಳುವ ಹಿಮವಲ್ಲ, ಇಳಿಯುವ ಹೊಳೆ, ಮಳೆಗಾಲ ಮುಗಿದು ದಸರೆ ಕಳೆದು ಕೃಷ್ಣೆಯು ಬಡವಾಗದಿದ್ದರೆ, 1564ರ ಡಿಸೆಂಬರಿನಲ್ಲಿ ತಾಳಿಕೋಟೆಯಲ್ಲಿ ಕೂಡಿದ ನಾಲ್ವರು ಸುಲ್ತಾನರೂ ಆನೆಕುದುರೆಗಳೊಡನೆ ಹೇಗೆ ದಾಟುತ್ತಿದ್ದರು? ಈ ಮಾತಿಗೆ ಬೀಗರು ಮರುಮಾತಾಡಲಿಲ್ಲ. ನಿಜವಾಗಿ ನೋಡಿದರೆ, ಮಾಸ್ತರರು ಈ ಯುದ್ಧದ ಬಗೆಗೆ ಹೇಳಿರುವ ಮಾತುಗಳಲ್ಲಿ ನಿರ್ವಿವಾದವಾದುದು ಇದೊಂದೇ.

ಅವರ ಸಿದ್ಧಾಂತಗಳು ಅನೇಕ. ಇಬ್ಬರು ಸರದಾರರು ನಡುಯುದ್ಧದಲ್ಲಿ ಪಕ್ಷ ಬದಲಿಸಿದ್ದೇ ಸೋಲಿಗೆ ಕಾರಣವೆಂದು, ಎರಡು ವರ್ಷಗಳ ತರುವಾಯ ವಿಜಯನಗರವನ್ನು ಕಂಡ ವೆನಿಸಿನ ವರ್ತಕ ಸೀಸರ್ ಫ್ರೆಡರಿಕನು ಬರೆದಿದ್ದಾನೆ. ಆದುದರಿಂದ ಆ ಇಬ್ಬರ ಗೊಂಬೆಗಳನ್ನು ಮಾಸ್ತರರು ದಾರದಿಂದ ಮೇಜಿನ ಕಾಲಿಗೆ ಕಟ್ಟಿರುತ್ತಾರೆ. ಆದರೆ ಸ್ವಾಮಿನಿಷ್ಠೆಯ ಲೆಕ್ಕವು ದಾರಕ್ಕೆ ದಕ್ಕುವಷ್ಟು ಸರಳವಲ್ಲ. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹನು ಪಟ್ಟವೇರುವ ಮುನ್ನ ವಿಜಯನಗರದಲ್ಲಿಯೇ ಆಶ್ರಯ ಪಡೆದು ವರ್ಷಗಟ್ಟಲೆ ಇದ್ದವನು; ವಿಜಾಪುರದ ಅಲಿ ಆದಿಲಶಾಹನು ವಿಜಯನಗರದ ಸೇನೆಯನ್ನು ನಡೆಸಿದ ರಾಮರಾಯನ ಪುತ್ರಶೋಕದಲ್ಲಿ ಸಾಂತ್ವನ ಹೇಳಲು ತಾನಾಗಿ ಹೋಗಿ ಮಗನೆನಿಸಿಕೊಂಡು ಬಂದವನು. ಇನ್ನು ನಮ್ಮ ಮಾಸ್ತರರ ಪೂರ್ವಿಕರಾದರೋ, ಆ ಕಾಲದಲ್ಲಿ ಆದಿಲಶಾಹಿ ಸೀಮೆಯಲ್ಲಿ ಕುಳಿತು ಸುಲ್ತಾನನ ದಂಡಿಗೆ ಜೋಳ, ಮೇವು ಒದಗಿಸಿದವರೇ ಆಗಿರಬೇಕು. ಇದನ್ನು ಅವರೆದುರಿಗೆ ಎತ್ತಿದವರಿಗೆ ಆ ದಿನ ಚಹಾ ದೊರೆಯುವುದಿಲ್ಲ.

ಎದುರುಪಕ್ಷಕ್ಕೆ ನಾಲ್ವರು ಬೇಕಷ್ಟೆ. ನಿವೃತ್ತ ತಲಾಠಿಗಳು ಆದಿಲಶಾಹ. ಪೇಟೆಯ ದರ್ಜಿ ಕುತುಬಶಾಹ. ದನದ ದವಾಖಾನೆಯ ಮಾಜಿ ಕಂಪೌಂಡರು ಬೀದರಿನ ಬರೀದಶಾಹರಾಗಿ, ತಮ್ಮ ಪಾಲಿಗೆ ಒಂದು ಹಿಡಿ ಕಡಲೆ ಮಾತ್ರ ಬಂದಿತೆಂದು ಸದಾ ಅಸಂತುಷ್ಟರು. ಎಂಟನೆಯ ಇಯತ್ತೆಯಲ್ಲಿ ಓದುವ ಮೊಮ್ಮಗನು ಹುಸೇನ ನಿಜಾಮಶಾಹ. ಚಹಾದ ಹಣವನ್ನು ಯಾರು ಕೊಡಬೇಕೆಂಬುದರಲ್ಲಿ ಸಹ ಎಂದೂ ಒಮ್ಮತಕ್ಕೆ ಬಾರದ ಈ ನಾಲ್ವರು, ಮಾಸ್ತರರನ್ನು ಸೋಲಿಸುವ ಕಾರ್ಯದಲ್ಲಿ ಮಾತ್ರ ಏಕಜೀವರಾಗುತ್ತಾರೆ. ದಖ್ಖಣದ ಸುಲ್ತಾನರ ಮೈತ್ರಿಯನ್ನು ಇದಕ್ಕಿಂತ ಸಮರ್ಪಕವಾಗಿ ಯಾವ ಪಠ್ಯಪುಸ್ತಕವೂ ವಿವರಿಸಿಲ್ಲ.

ಒಂದು ವರ್ಷದ ಕಥೆಯನ್ನು ಹೇಳಲೇಬೇಕು. ಗೌರಿಹುಣ್ಣಿಮೆಯ ಆರತಿಗೆಂದು ತಂದ ಸಕ್ಕರೆಗೊಂಬೆಗಳಲ್ಲಿ ಕುದುರೆಗಳನ್ನೆಲ್ಲ ಆರಿಸಿ, ಡಬ್ಬಿಯಲ್ಲಿಟ್ಟು, ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ಯುದ್ಧದ ಪ್ರಾತಃಕಾಲದಲ್ಲಿ ಡಬ್ಬಿಯನ್ನು ತೆರೆದು ನೋಡಲಾಗಿ, ಅಶ್ವದಳದ ಅರ್ಧವನ್ನು ಇರುವೆಗಳೂ ಮಿಕ್ಕ ಅರ್ಧವನ್ನು ಸಾಕ್ಷಾತ್ ನಿಜಾಮಶಾಹನೂ ಭಕ್ಷಿಸಿ ಮುಗಿಸಿದ್ದರು. ಕುದುರೆಯೇರಿದ ದೇವರಾದ ರಾವುತರಾಯನೇ ಊರೊಡೆಯನಾಗಿರುವ ದೇವರ ಹಿಪ್ಪರಗಿಯಲ್ಲಿ ಕುದುರೆಗಳಿಗೆ ಇಂಥ ದುರ್ಗತಿಯೊದಗಿತೆಂದು ಮಾಸ್ತರರು ಹಲುಬಿದರು, ಆದರೂ ಧೃತಿಗೆಡಲಿಲ್ಲ. ಸುಲ್ತಾನರು ನದಿಯುದ್ದಕ್ಕೂ ಮೂರು ದಿನ ಸರಿದು ಹೋಗಿ, ಬೇರೊಂದು ಕಡೆ ದಾಟುವವರಂತೆ ನಟಿಸಿ, ವಿಜಯನಗರದ ಕಾವಲು ಅತ್ತ ಸರಿದೊಡನೆ ಹಿಂದಿರುಗಿ ಮೊದಲಿನ ಹಾಯ್ಗಡದಲ್ಲಿಯೇ ದಾಟಿದರೆಂಬುದನ್ನು ಅವರು ಇಡೀ ವಾರ ಎದುರಾಳಿಗಳಿಗೆ ವಿಸ್ತಾರವಾಗಿ ಪಾಠ ಹೇಳಿದ್ದರು. ಪರಿಣಾಮವಾಗಿ ಮೊಮ್ಮಗನು ತನ್ನ ಕಡಲೆಯನ್ನೆಲ್ಲ ಸೀರೆಯಂಚಿನ ತುದಿಗೆ ಸಾಗಿಸಿದನು. ಮಾಸ್ತರರು ತಮ್ಮ ತೊಗರಿಯನ್ನೆಲ್ಲ ಅತ್ತಲೇ ಗುಡಿಸಿದರು. ತಲಾಠಿಗಳು ಇತ್ತ ಕೃಷ್ಣೆಯನ್ನು ದಾಟಿ ಅವರ ಕುರ್ಚಿಯ ಮಗ್ಗುಲಿಗೆ ಬಂದು ನಿಂತರು.

"ಇದು ಮೋಸ!" ಎಂದರು ಮಾಸ್ತರರು.

"ನೀನ ಹೇಳಿಕೊಟ್ಟಿದ್ದಿ ಅಜ್ಜಾ, ಅದನ್ನ ಮಾಡೀವಿ."

ತಲಾಠಿಗಳನ್ನು ತಡೆಯಲು ಮಾಸ್ತರರು ಕುರ್ಚಿಯನ್ನು ಬಿಟ್ಟು ಮೇಜಿನ ಇತ್ತಣ ತುದಿಗೆ ಎದ್ದು ಬರಬೇಕಾಗಿತ್ತು. ಮೊಣಕಾಲ ನೋವಿನಿಂದ ಏಳಲಿಲ್ಲ. ಕುದುರೆಯನ್ನೇರೆಂದು ಆಪ್ತರು ಬೇಡಿದರೂ ಪಲ್ಲಕ್ಕಿಯನ್ನು ಬಿಡದ ರಾಮರಾಯನಿಗೆ ಆಗ 96 ವರ್ಷವಾಗಿತ್ತೆಂದು ಪೋರ್ತುಗೀಜರ ಇತಿಹಾಸಕಾರ ಕೂಟೋ ಬರೆದಿದ್ದಾನೆ. ನಮ್ಮ ದಳವಾಯಿಗಳು ಎಪ್ಪತ್ತರ ಆಸುಪಾಸಿನಲ್ಲಿಯೇ ಆ ಸ್ಥೈರ್ಯವನ್ನು ಸಾಧಿಸಿದ್ದಾರೆ. ಅಷ್ಟರಲ್ಲಿ ಒಳಗಿನಿಂದ, "ಅಲ್ರೀ, ನಿಮ್ಮ ರಾಮರಾಯ ಉಣ್ಣಾಕ ಏಳತಾನೋ, ರೊಟ್ಟಿ ಆರಲಿ ಅಂತಾನೋ?" ಎಂಬ ಪ್ರಶ್ನೆ ಬಂದಿತು. ಯುದ್ಧವು ಅನಿರ್ಣೀತವೆಂದು ಘೋಷಿಸಿ ಮಾಸ್ತರರು ಊಟಕ್ಕೆ ಎದ್ದರು. ಅದಕ್ಕೆ ಮೊಣಕಾಲು ಅಡ್ಡಬರಲಿಲ್ಲ.

ವಾಚಕರಲ್ಲಿ ಯಾರಾದರೂ ಜನವರಿಯ ಉತ್ತರಾರ್ಧದಲ್ಲಿ ವಿಜಾಪುರದಿಂದ ಸಿಂದಗಿಯ ಕಡೆಗೆ ಪ್ರಯಾಣ ಮಾಡುವವರಿದ್ದರೆ ದಾರಿಯಲ್ಲಿ ಇಳಿದು ಅವರನ್ನು ಕಾಣಬಹುದು. ಆದಿಲಶಾಹಿಯ ಮಾತೆತ್ತದಿದ್ದರೆ ಚಹಾ ಖಂಡಿತ. ಮೇಜಿಗೆ ಕರೆದರೆ ಮಾತ್ರ ಉತ್ತರದ ಮಗ್ಗುಲನ್ನೇ ಆರಿಸಿಕೊಳ್ಳತಕ್ಕದ್ದು. ದಕ್ಷಿಣದಲ್ಲಿ ದಳವಾಯಿಗಳ ಕೈಕೆಳಗೆ ರಾಮರಾಯನ ತಮ್ಮ ವೆಂಕಟಾದ್ರಿಯ ಸ್ಥಾನವು ಯಾವಾಗಲೂ ತೆರವಾಗಿರುತ್ತದೆ. ಪ್ರತಿವರ್ಷದ ಸೋಲಿಗೂ ಕಾರಣನೆಂದು ಊರತುಂಬ ಹೆಸರಾಗುವವನು ಅವನೇ.