ಸರ್ವರ್ ನಮ್ದ, ಮತ್ಯಾಕ್ರಿ ರೊಕ್ಕ?

ಶಹಾಪುರದ ಎಪಿಎಂಸಿ ಅಂಗಳದಲ್ಲಿ ಮರುಮಾತಿಲ್ಲದೆ ರೊಕ್ಕ ಬಿಚ್ಚುವ ಬಾಬತ್ತುಗಳು ಬಹಳಿವೆ. ಹಮಾಲಿ, ತೂಕದ ಕೂಲಿ, ಮಾರುಕಟ್ಟೆ ಶುಲ್ಕ, ಲಾರಿ ಬಾಡಿಗೆ, ಕೊನೆಗೆ ಲಾರಿ ಡ್ರೈವರನ ಚಹಾ, ಯಾವುದಕ್ಕೂ ಸಾಹುಕಾರರು ವಾದಕ್ಕೆ ನಿಲ್ಲುವುದಿಲ್ಲ. ಅದೇ ಸಾಹುಕಾರರ ಮುಂದೆ ಹೊಸ ಸರ್ವರ್‌ನ ಕೊಟೇಶನ್ ಇಟ್ಟು ನೋಡಿ. ಯಂತ್ರದ ಬೆಲೆ ಒಪ್ಪುತ್ತಾರೆ, ಯುಪಿಎಸ್ ಒಪ್ಪುತ್ತಾರೆ, ವಿಂಡೋಸ್ ಸರ್ವರ್ ಎಂಬ ಸಾಲಿಗೆ ಸ್ವಲ್ಪ ಗೊಣಗಿ ತಲೆಯಾಡಿಸುತ್ತಾರೆ. ಅದರ ಕೆಳಗೆ ‘ಆರ್‌ಡಿಎಸ್ ಕ್ಯಾಲ್, ಹತ್ತು’ ಎಂಬ ಸಾಲಿಗೆ, ಅಂದರೆ ದೂರದಿಂದ ಸರ್ವರ್‌ನೊಳಗೆ ಕೂತು ಕೆಲಸ ಮಾಡುವ ಪರವಾನಗಿಗೆ, ಬಂದಾಗ ಮಾತ್ರ ಕನ್ನಡಕ ಕೆಳಗಿಳಿಯುತ್ತದೆ. “ಸರ್ವರ್ ನಮ್ದ, ಕರೆಂಟ್ ನಮ್ದ, ಕೂಡೋ ಮಂದೀನೂ ನಮ್ದ. ಮತ್ಯಾಕ್ರಿ ರೊಕ್ಕ?” ಪ್ರಶ್ನೆ ಪೆದ್ದತನದ್ದಲ್ಲ, ಕೇಳಲೇಬೇಕಾದದ್ದು. ಆದರೆ ಅದರ ಬೇರು ರೊಕ್ಕದಲ್ಲಿಲ್ಲ ಎಂಬುದು ನನ್ನ ವಾದ. ಈ ಪರವಾನಗಿ ನಮಗೆ ಒಗ್ಗದಿರುವುದು ಅದು ತಲೆ ಎಣಿಸಲು ಹೇಳುತ್ತದೆ ಎಂಬ ಕಾರಣಕ್ಕೆ. ಚೀಲ ಎಣಿಸುವುದರಲ್ಲಿ, ಗಂಟು ಎಣಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ನಮ್ಮ ಲೆಕ್ಕದ ಪುಸ್ತಕ ಎಷ್ಟು ಜನ ಮುಟ್ಟುತ್ತಾರೆ ಎಂದು ಕೇಳಿದರೆ ಮಾತ್ರ ಉತ್ತರ ‘ಒಂದ್ ಹತ್ತ್‌ಹದಿನೈದು ಮಂದಿ’ ಎಂಬಲ್ಲಿಂದ ಮುಂದಕ್ಕೆ ಹೋಗುವುದಿಲ್ಲ.

ದೂರದಿಂದ ಕೂತು ಕೆಲಸ ಮಾಡುವ ಈ ವ್ಯವಸ್ಥೆ ಇಲ್ಲಿ ಶೋಕಿಗೆ ಬಂದದ್ದಲ್ಲ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರದ ಕಡೆ ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯಿತು. ಬೆಳೆಯ ಹಿಂದೆ ಜಿನ್ನಿಂಗ್ ಮಿಲ್ಲು, ಅಡತಿ ಅಂಗಡಿ, ಗೊಬ್ಬರದ ಡೀಲರು ಬಂದರು. ಅವರ ಹಿಂದೆ ಖಾತೆ ಕಿರ್ದಿ ಬಂತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲಂತೂ ಲೆಕ್ಕ ವರ್ಷಕ್ಕೊಮ್ಮೆ ಬರೆಯುವ ಬಾಬತ್ತಾಗಿ ಉಳಿಯಲಿಲ್ಲ. ಮಿಲ್ಲಿನ ಕಾರಕೂನ ಇಲ್ಲಿ ವೋಚರ್ ಹಾಕಬೇಕು, ಕಲಬುರಗಿಯಲ್ಲಿ ಕೂತ ಆಡಿಟರು ಅದನ್ನೇ ಅಲ್ಲಿಂದ ನೋಡಬೇಕು, ಮದುವೆಗೆಂದು ಹೈದರಾಬಾದಿಗೆ ಹೋದ ಮಾಲೀಕರು ಊಟದ ಪಂಕ್ತಿಯಲ್ಲೇ ಬಾಕಿ ಪಟ್ಟಿ ಕೇಳಬೇಕು. ಎಲ್ಲರೂ ಒಂದೇ ಸರ್ವರ್‌ಗೆ ತಮ್ಮ ತಮ್ಮ ಪರದೆಯಿಂದ ಇಳಿಯುವುದೇ ಸುಲಭದ ದಾರಿ. ಇನ್ನೊಂದು ಲಾಭವನ್ನು ಜೆಸ್ಕಾಂ ನಮಗೆ ಆಗಾಗ ನೆನಪಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದರೆ ಕಾರಕೂನನ ಕಂಪ್ಯೂಟರ್ ಕಪ್ಪಾಗುತ್ತದೆ. ಯುಪಿಎಸ್ ಮೇಲಿನ ಸರ್ವರ್‌ನಲ್ಲಿ ಅವನು ಅರ್ಧ ಬರೆದ ವೋಚರ್ ಹಾಗೇ ತೆರೆದಿರುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಒಳಹೊಕ್ಕರೆ ಕರ್ಸರು ನಿಂತಲ್ಲೇ ನಿಂತು ಮಿನುಗುತ್ತಿರುತ್ತದೆ. ಮೂಲೆ ಸೇರಿದ ಹಳೆಯ ಕಂಪ್ಯೂಟರೂ ಇದಕ್ಕೆ ಸಾಕು, ಯಾಕೆಂದರೆ ದುಡಿಯುವುದೆಲ್ಲ ಸರ್ವರ್. ಹಳೆಯದು ಚಿತ್ರ ತೋರಿಸುತ್ತದೆ ಅಷ್ಟೆ.

ಈಗ ನಿಯಮಕ್ಕೆ ಬರೋಣ. ವಿಂಡೋಸ್ ಸರ್ವರ್ ಕೊಂಡರೆ ಸಿಗುವುದು ಆ ಯಂತ್ರದಲ್ಲಿ ಅದನ್ನು ಓಡಿಸುವ ಹಕ್ಕು. ಅದರಿಂದ ಕೆಲಸ ಪಡೆಯುವ ಪ್ರತಿಯೊಬ್ಬರಿಗೂ, ಇಲ್ಲವೆ ಪ್ರತಿ ಯಂತ್ರಕ್ಕೂ, ಒಂದು ಸಾದಾ ಕ್ಯಾಲ್ ಬೇಕು. ಸರ್ವರ್‌ನೊಳಗೇ ಕೂತು ಪರದೆ ತೆರೆದು ಕೆಲಸ ಮಾಡುವುದಾದರೆ ಅದರ ಮೇಲೆ ಇನ್ನೊಂದು, ಆರ್‌ಡಿಎಸ್ ಕ್ಯಾಲ್. ಪುಕ್ಕಟೆ ಸಿಗುವುದು ಏಕಕಾಲಕ್ಕೆ ಎರಡು ಪ್ರವೇಶ ಮಾತ್ರ, ಅದೂ ಸರ್ವರ್‌ನ ಯೋಗಕ್ಷೇಮ ನೋಡಿಕೊಳ್ಳುವವರಿಗೆ. ಕಾರಕೂನನಿಗೆ ‘ಅಡ್ಮಿನಿಸ್ಟ್ರೇಟರ್’ ಎಂಬ ಪದವಿ ಕೊಟ್ಟು ಆ ಬಾಗಿಲಿನಿಂದ ಬಿಲ್ ಹೊಡೆಸುವ ಜಾಣತನ ನಮ್ಮಲ್ಲಿ ಧಾರಾಳವಾಗಿದೆ. ಸಂಬಳ ಏರಿಸದೆ ಹುದ್ದೆ ಏರಿಸುವ ಈ ಪದ್ಧತಿ ಪರವಾನಗಿಯ ಕಣ್ಣಿಗೂ ತಪ್ಪು, ಭದ್ರತೆಯ ಕಣ್ಣಿಗೂ ತಪ್ಪು. ಮೂರು ಸಲ ರೊಕ್ಕ ಯಾಕೆ ಎನ್ನುವವರು ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಹೋಗುವ ಬಸ್ಸನ್ನು ನೆನೆಯಲಿ. ಮಾಲೀಕ ಬಸ್ಸು ಕೊಳ್ಳುತ್ತಾನೆ, ಡೀಸೆಲ್ ಹಾಕುತ್ತಾನೆ, ಅದಾದ ಮೇಲೂ ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ತೆರಿಗೆ ಕಟ್ಟುತ್ತಾನೆ. ಬಸ್ಸು ನಮ್ದ, ಸೀಟೂ ನಮ್ದ ಎಂದು ಅವನು ಆರ್‌ಟಿಒ ಕಚೇರಿಯಲ್ಲಿ ವಾದಿಸುವುದಿಲ್ಲ. ವಾದಿಸಿ ನೋಡಿರಬಹುದು, ಗೆದ್ದ ವರದಿಯಿಲ್ಲ.

ಹಾಗಿದ್ದರೂ ನಮ್ಮವರಿಗೆ ಇದು ಅನ್ಯಾಯ ಅನ್ನಿಸುವುದಕ್ಕೆ ಒಂದು ಗಟ್ಟಿ ಕಾರಣವಿದೆ, ಮತ್ತು ಅದು ಬೆಂಗಳೂರಿನದು. ಇಲ್ಲಿನ ಅಂಗಡಿಗಳಿಗೆ ಪರವಾನಗಿಯ ಪಾಠ ಹೇಳಿದ್ದು ಅಲ್ಲಿಯ ಲೆಕ್ಕದ ತಂತ್ರಾಂಶ ಸಂಸ್ಥೆ ಟ್ಯಾಲಿ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಕಟ್ಟಿದ ಆ ಸಂಸ್ಥೆ ವ್ಯಾಪಾರಿಯ ಸ್ವಭಾವ ಬಲ್ಲದ್ದು. ಅದರ ಲೆಕ್ಕ ಸರಳ: ಒಬ್ಬರಿಗೆ ಸಿಲ್ವರ್, ಕಚೇರಿಯ ಒಂದು ನೆಟ್‌ವರ್ಕ್‌ನ ಎಲ್ಲರಿಗೂ ಗೋಲ್ಡ್. ಒಬ್ಬನೋ, ಬಹಳ ಮಂದಿಯೋ, ಅಷ್ಟೇ ಪ್ರಶ್ನೆ. ಗೋಲ್ಡ್ ಕೊಂಡವ ತನ್ನ ಜೀವನದಲ್ಲಿ ತಲೆ ಎಣಿಸುವ ಕಾಲ ಮುಗಿಯಿತು ಎಂದುಕೊಳ್ಳುತ್ತಾನೆ. ಅದೇ ಗೋಲ್ಡನ್ನು ವಿಂಡೋಸ್ ಸರ್ವರ್ ಮೇಲೆ ಹಾಕಿ ಹತ್ತು ಮಂದಿ ದೂರದಿಂದ ಹತ್ತುವ ಹೊತ್ತಿಗೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈ ಸಲ ಎಣಿಸುವವರು ಮೈಕ್ರೋಸಾಫ್ಟ್‌ನವರು. ಅವರಲ್ಲಿ ಎರಡು ಬಗೆ: ವ್ಯಕ್ತಿಗೆ ಒಂದು, ಇಲ್ಲವೆ ಯಂತ್ರಕ್ಕೆ ಒಂದು. ಯಾವುದು ಲಾಭ ಎಂಬುದನ್ನು ವ್ಯಾಪಾರದ ಸ್ವರೂಪ ಹೇಳುತ್ತದೆ. ಹತ್ತಿಯ ಸುಗ್ಗಿಯಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎಂದು ಆರು ಮಂದಿ ಎರಡೇ ಕಂಪ್ಯೂಟರಿನಲ್ಲಿ ತೂಕದ ಚೀಟಿ ಬರೆಯುವ ಮಿಲ್ಲಿಗೆ ಯಂತ್ರದ ಕ್ಯಾಲ್ ಎರಡು ಸಾಕು. ಕಚೇರಿಯಲ್ಲೊಂದು, ಮನೆಯಲ್ಲೊಂದು, ಕಿಸೆಯಲ್ಲೊಂದು ಎಂದು ಮೂರು ಪರದೆ ಇಟ್ಟುಕೊಂಡ ತೆರಿಗೆ ಸಲಹೆಗಾರರಿಗೆ ವ್ಯಕ್ತಿಯ ಕ್ಯಾಲ್ ಒಂದೇ ಸಾಕು. ತಪ್ಪಿ ಅದಲು ಬದಲಾದರೆ ಮಿಲ್ಲಿಗೆ ಎರಡರ ಬದಲು ಆರು, ಸಲಹೆಗಾರರಿಗೆ ಒಂದರ ಬದಲು ಮೂರು. ಹಾಂ, ಕಿಸೆಯ ಫೋನೂ ಇಲ್ಲಿ ಯಂತ್ರವೇ. ಮಾಲೀಕರ ಮಗ ಕುತೂಹಲಕ್ಕೆ ತನ್ನ ಫೋನಿನಿಂದ ಒಮ್ಮೆ ಒಳಗೆ ಬಂದರೆ ಸರ್ವರ್ ತಾತ್ಕಾಲಿಕ ಚೀಟಿ ಕೊಟ್ಟು ಕಳಿಸುತ್ತದೆ. ಎರಡನೇ ಸಲವೂ ಬಂದನೋ, ಯಂತ್ರದ ಕ್ಯಾಲ್ ಒಂದನ್ನು ಆ ಫೋನಿನ ಹೆಸರಿಗೆ ಬರೆದುಬಿಡುತ್ತದೆ. ಅವನು ವಾಪಸ್ ಹುಬ್ಬಳ್ಳಿಯ ಕಾಲೇಜಿಗೆ ಹೋದ ಮೇಲೂ ಆ ಚೀಟಿ 52ರಿಂದ 89 ದಿನಗಳವರೆಗೆ ಅವನ ಫೋನಿನಲ್ಲೇ ಇರುತ್ತದೆ, ಇತ್ತ ಕಾರಕೂನ ಬಾಗಿಲ ಹೊರಗೆ ನಿಂತಿರುತ್ತಾನೆ.

“ಹತ್ತು ಮಂದಿ ಇದ್ರೂ ಒಮ್ಮೆಲೇ ಕೂಡೋರು ನಾಲ್ಕೇ ಮಂದಿ, ನಾಲ್ಕಕ್ಕ ಕೊಡ್ತೀವಿ” ಎಂಬ ಆಕ್ಷೇಪಣೆ ಇದೆಯಲ್ಲ, ಅದರಲ್ಲಿ ನಾನು ಸಾಹುಕಾರರ ಪಕ್ಷ. ಏಕಕಾಲಕ್ಕೆ ಎಷ್ಟು ಜನ ಎಂದು ಎಣಿಸಿ ಪರವಾನಗಿ ಮಾರುವ ಸಂಸ್ಥೆಗಳು ಲೋಕದಲ್ಲಿವೆ. ಸಿಟ್ರಿಕ್ಸ್ ಹಾಗೆ ಮಾರಿದೆ. ಮೈಕ್ರೋಸಾಫ್ಟ್ 1998ರಲ್ಲಿ ಎನ್‌ಟಿ 4.0 ಟರ್ಮಿನಲ್ ಸರ್ವರ್ ತಂದಾಗ ಒಂದೇ ಯಂತ್ರದಲ್ಲಿ ಹಲವರು ಕೂರುವ ವಿದ್ಯೆಯನ್ನು ಪಡೆದದ್ದೂ ಸಿಟ್ರಿಕ್ಸ್‌ನಿಂದಲೇ. ವಿದ್ಯೆ ತಂದರು, ಎಣಿಸುವ ಉದಾರತೆ ತರಲಿಲ್ಲ. ತಿಂಗಳ 20ನೇ ತಾರೀಕು ಜಿಎಸ್‌ಟಿ ರಿಟರ್ನ್ ನೋಡಲು ಒಮ್ಮೆ ಮಾತ್ರ ಬರುವ ಆಡಿಟರಿಗೂ ದಿನವಿಡೀ ಕೂರುವ ಕಾರಕೂನನಿಗೂ ಒಂದೇ ಬೆಲೆಯ ಚೀಟಿ ಎಂಬುದು ಸಣ್ಣ ಕಚೇರಿಗೆ ಭಾರವೇ. ಆದರೆ ನಿಯಮ ಸರಿಯಿಲ್ಲ ಎಂಬುದು ಬೇರೆ, ನಿಯಮ ಇಲ್ಲ ಎಂದು ನಡೆದುಕೊಳ್ಳುವುದು ಬೇರೆ. ನಮ್ಮಲ್ಲಿ ಮೊದಲನೆಯದನ್ನು ಹೇಳಿ ಎರಡನೆಯದನ್ನು ಮಾಡುತ್ತಾರೆ.

ಹಾಗೆ ಮಾಡಲು ಮೈಕ್ರೋಸಾಫ್ಟ್ ಕಂಪನಿಯೇ ಅರ್ಧ ಕುಮ್ಮಕ್ಕು ಕೊಡುತ್ತದೆ ಅನ್ನಬೇಕು. ದೂರದಿಂದ ಕೂರುವ ಈ ವ್ಯವಸ್ಥೆಯನ್ನು ಸರ್ವರ್‌ನಲ್ಲಿ ಅಳವಡಿಸಿದ ದಿನದಿಂದ 120 ದಿನ ಪರವಾನಗಿಯಿಲ್ಲದೆಯೂ ಎಲ್ಲ ಸುಸೂತ್ರ ನಡೆಯುತ್ತದೆ. ಊರಿನ ಬೆಟ್ಟಸಾಲಿನಲ್ಲಿ ಮಲಗಿದಂತೆ ಕಾಣುವ ಬುದ್ಧನಷ್ಟೇ ನಿಶ್ಚಿಂತೆಯಿಂದ ಸರ್ವರ್ ಸುಮ್ಮನಿರುತ್ತದೆ. ‘ನೋಡ್ರಿ, ಏನೂ ಬೇಕಾಗಿಲ್ಲ’ ಎಂದು ಮಾಲೀಕರು ಹೆಮ್ಮೆಯಿಂದ ಹೇಳುವುದು ಈ ಅವಧಿಯಲ್ಲೇ. ಇಲ್ಲಿ ಪಂಚಾಂಗದ ಒಂದು ಲೆಕ್ಕ ಹೇಳಲೇಬೇಕು. ಲೀಪ್ ವರ್ಷ ಅಲ್ಲದಿದ್ದರೆ, ಡಿಸೆಂಬರ್ 1ಕ್ಕೆ ಪೂಜೆ ಮಾಡಿ ಶುರು ಮಾಡಿದ ಸರ್ವರ್‌ಗೆ ಅಲ್ಲಿಂದ 120 ದಿನ ತುಂಬುವುದು ಮಾರ್ಚ್ 31ಕ್ಕೆ. ಹಣಕಾಸು ವರ್ಷದ ಕೊನೆಯ ದಿನ, ಬಾಕಿ ಲೆಕ್ಕ ಮುಗಿಸುವ ಹೊತ್ತಿಗೆ ಗಡುವೂ ಮುಗಿಯುತ್ತದೆ. ಆಮೇಲೆ ಪರದೆಯ ಮೇಲೆ, ಚೀಟಿ ಕೊಡಲು ಪರವಾನಗಿಯ ಸರ್ವರ್ ಸಿಗಲಿಲ್ಲ ಎಂಬ ಒಂದು ವಾಕ್ಯ ಬಂದು ಎಲ್ಲರೂ ಹೊರಗೆ. ಆಗ ಊರಿನ ‘ಕಂಪ್ಯೂಟರ್ ಹುಡುಗ’ನಿಗೆ ಫೋನ್ ಹೋಗುತ್ತದೆ. ಅವನಿಗೆ ಎರಡು ವಿದ್ಯೆ ಗೊತ್ತು: ಗಡುವನ್ನು ಅಳಿಸಿ ಮತ್ತೆ 120 ದಿನ ಹುಟ್ಟಿಸುವುದು, ಇಲ್ಲವೆ ವಿಂಡೋಸ್‌ನ ಒಳಗಿನ ಒಂದು ಫೈಲನ್ನೇ ತಿದ್ದಿ ಎಣಿಸುವ ಚಟ ಬಿಡಿಸುವುದು. ಎರಡೂ ಪರವಾನಗಿಯ ಕರಾರಿಗೆ ವಿರುದ್ಧ.

“ಇಲ್ಲಿತನಕ ಯಾರ್ ಬಂದು ನೋಡ್ತಾರ?” ಎನ್ನುವವರಿಗೆ ಉತ್ತರ ಎರಡು ಮುಖದ್ದು. ವ್ಯಕ್ತಿ ಲೆಕ್ಕದ ಕ್ಯಾಲ್‌ಗಳನ್ನು ಸರ್ವರ್ ಬಿಗಿಯಾಗಿ ತಡೆಯುವುದಿಲ್ಲ. ಐದು ಕೊಂಡು ಎಂಟು ಜನ ಕೂತರೂ ತಡೆದು ನಿಲ್ಲಿಸುವುದಿಲ್ಲ. ಅಷ್ಟು ನಿಜ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ, ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಮಿನ ಅಕ್ರಮ ಪ್ರತಿ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಎನ್ನುತ್ತದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದವರಿಗೆ ನ್ಯಾಯಾಲಯ ಸಜೆ ಬಿಡಬಹುದು. ಜಿನ್ನಿಂಗ್ ಮಿಲ್ಲಿನವರು ಆ ರಿಯಾಯಿತಿ ಕೇಳುವಂತಿಲ್ಲ. ಕಾನೂನು ದೂರದ ಮಾತು ಎಂದರೆ, ಹತ್ತಿರದ್ದನ್ನೇ ನೋಡಿ. ತಿದ್ದಿದ ಫೈಲು ವಿಂಡೋಸ್‌ನ ಅಪ್‌ಡೇಟ್ ಬಂದಾಗ ಆಗಾಗ ಕೆಡುತ್ತದೆ. ಕೆಡದಿರಲೆಂದು ಹುಡುಗ ಅಪ್‌ಡೇಟನ್ನೇ ನಿಲ್ಲಿಸುತ್ತಾನೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ತೂತು ಬಯಲಾಯಿತು. ಹಳೆಯ ವಿಂಡೋಸ್‌ಗಳ ಇದೇ ರಿಮೋಟ್ ಡೆಸ್ಕ್‌ಟಾಪ್ ಬಾಗಿಲಿನಿಂದ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಬಹುದಾದ ತೂತು. ಅದರ ಗಂಭೀರತೆಗೆ ಹೆದರಿ ಮೈಕ್ರೋಸಾಫ್ಟ್, ತಾನು ಕೈಬಿಟ್ಟಿದ್ದ ಎಕ್ಸ್‌ಪಿಗೂ ಸರ್ವರ್ 2003ಕ್ಕೂ ತೇಪೆ ಕೊಟ್ಟಿತು. ಅಪ್‌ಡೇಟ್ ನಿಲ್ಲಿಸಿಕೊಂಡ ಸರ್ವರ್‌ಗೆ ತೇಪೆ ತಲುಪುವುದು ಹೇಗೆ? ಅದರ ಜೊತೆಗೆ ಆ ಬಾಗಿಲಿನ 3389ನೇ ಪೋರ್ಟನ್ನು ನೇರ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ, ಕ್ಯಾಲ್ ಇಲ್ಲದೆ ಒಳಗೆ ಬರುವವರು ನಿಮ್ಮ ಕಾರಕೂನರು ಮಾತ್ರವೇ ಆಗಿರಬೇಕಿಲ್ಲ. ಖಾತೆಗೆಲ್ಲ ಬೀಗ ಜಡಿದು ರೊಕ್ಕ ಕೇಳುವವರು ತಲೆ ಎಣಿಸುವುದಿಲ್ಲ.

ಇನ್ನು ‘ಇದರ ಗೊಡವೆಯೇ ಬೇಡ’ ಎನ್ನುವವರ ವಾದ. ಇದಕ್ಕೆ ನಾನು ಅರ್ಧ ಒಪ್ಪುತ್ತೇನೆ. ಮಾಲೀಕರು ಒಬ್ಬರೇ ರಾತ್ರಿ ಮನೆಯಿಂದ ಲೆಕ್ಕ ನೋಡುವುದಾದರೆ ಸರ್ವರ್ ಯಾಕೆ? ವಿಂಡೋಸ್ 11 ಪ್ರೊ ಇರುವ ಕಚೇರಿಯ ಕಂಪ್ಯೂಟರಿಗೆ ಒಬ್ಬರು ದೂರದಿಂದ ಇಳಿಯಬಹುದು. ಅವರಿಳಿದಾಗ ಎದುರು ಕೂತವರ ಪರದೆಗೆ ಬೀಗ ಬೀಳುತ್ತದೆ, ಅಷ್ಟೆ. ಎನಿಡೆಸ್ಕ್ ತರಹದವು ಪರದೆ ಹಂಚುತ್ತವೆ, ಒಬ್ಬರ ಮೌಸನ್ನು ಇಬ್ಬರು ಎಳೆದಾಡಬೇಕಾಗುತ್ತದೆ, ಅಂಗಡಿಯ ಬಳಕೆಗೆ ಅವಕ್ಕೂ ಬೇರೆ ಪರವಾನಗಿ ಬೇಕು. ಲಿನಕ್ಸ್‌ನ ಎಕ್ಸ್‌ಆರ್‌ಡಿಪಿ ತಲೆಯನ್ನೇ ಎಣಿಸುವುದಿಲ್ಲ. ಪತ್ರ ಬರೆಯಲು, ಜಿಎಸ್‌ಟಿ ಜಾಲತಾಣ ತೆರೆಯಲು ಅದು ಧಾರಾಳ ಸಾಕು. ಆದರೆ ಟ್ಯಾಲಿ ವಿಂಡೋಸ್‌ನದು. ಟ್ಯಾಲಿ ಬಿಡದ ಕಚೇರಿ ಎಣಿಕೆಯನ್ನೂ ಬಿಡುವಂತಿಲ್ಲ.

ಆದ್ದರಿಂದ ಸರ್ವರ್ ಕೊಳ್ಳಲು ಹೊರಟವರು ಕೊಟೇಶನ್ನಿನಲ್ಲಿ ಸರ್ವರ್, ಸಾದಾ ಕ್ಯಾಲ್, ಆರ್‌ಡಿಎಸ್ ಕ್ಯಾಲ್ ಎಂದು ಮೂರು ಸಾಲು ಬೇರೆ ಬೇರೆ ಬರೆಸಿಕೊಳ್ಳಿ. ಆರ್‌ಡಿಎಸ್ ಸಾಲಿನ ಮುಂದೆ ವ್ಯಕ್ತಿಗೋ ಯಂತ್ರಕ್ಕೋ ಎಂಬುದು ಇರಲಿ. ಬಳಕೆದಾರರ ಖಾತೆಗಳನ್ನೆಲ್ಲ ಒಂದೆಡೆ ನೋಡಿಕೊಳ್ಳುವ ಡೊಮೇನ್ ವ್ಯವಸ್ಥೆ ಇಲ್ಲದ ಸಣ್ಣ ಕಚೇರಿಯಾದರೆ ಯಂತ್ರದ್ದೇ ಇರಲಿ; 2019ರ ಸರ್ವರ್‌ನಿಂದ ಈಚೆಗೆ, ಅಂಥಲ್ಲಿ ವ್ಯಕ್ತಿಯ ಕ್ಯಾಲ್ ಹಾಕಿದರೆ 60 ನಿಮಿಷಕ್ಕೊಮ್ಮೆ ಕೆಲಸ ಕಡಿದುಹೋಗುತ್ತದೆ. ಕ್ಯಾಲ್‌ನ ಆವೃತ್ತಿ ಸರ್ವರ್‌ನದ್ದಕ್ಕಿಂತ ಹಳೆಯದಾಗಿರಬಾರದು. ಹೊಸ ಕ್ಯಾಲ್ ಹಳೆಯ ಸರ್ವರ್‌ಗೆ ನಡೆಯುತ್ತದೆ, ಹಳೆಯದು ಹೊಸದಕ್ಕೆ ನಡೆಯುವುದಿಲ್ಲ. ‘ಎಲ್ಲಾ ಸೇರಿ ಇಷ್ಟು’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟ ಕೊಟೇಶನ್ನನ್ನು ಮಾತ್ರ ಚಹಾ ಕುಡಿಸಿ ವಾಪಸ್ ಕಳಿಸಿ.