ಮಂತ್ರಗಳ ಆಡಿಟ್

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಹಾಲಿನಲ್ಲಿ ನಡೆಯುವ ಕೊಲೆಗಳಿಗೆಲ್ಲ ನಾನೇ ನ್ಯಾಯಾಧೀಶೆ. ಕೊಲ್ಲುವವರು ಮಗನ ಗೆಳೆಯರು. ಸಾಯುವವರು ದೈತ್ಯರು, ಪಿಶಾಚಿಗಳು, ಅಪರೂಪಕ್ಕೊಂದು ಡ್ರ್ಯಾಗನ್. ಕೊಲೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಕೊಂದದ್ದು ನಿಯಮದ ಪ್ರಕಾರವೋ ಅಲ್ಲವೋ ಅನ್ನುವುದಷ್ಟೇ ನನ್ನ ಮುಂದೆ ಬರುವ ಪ್ರಶ್ನೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಒಬ್ಬ ಕಥೆ ನಡೆಸುತ್ತಾನೆ, ಅವನು ಡಂಜನ್ ಮಾಸ್ಟರ್, ಹುಡುಗರ ಬಾಯಲ್ಲಿ ಡಿಎಂ. ಉಳಿದವರು ತಲಾ ಒಂದು ಪಾತ್ರವಾಗಿ ಆ ಕಥೆಯೊಳಗೆ ನುಗ್ಗುತ್ತಾರೆ. ಕತ್ತಿ ಬೀಸಲಿ, ಗೋಡೆ ಹತ್ತಲಿ, ಗೆದ್ದರೋ ಸೋತರೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮಲ್ಲಿ ಡಿಎಂ ನನ್ನ ಮಗ. ಡಿಎಂ ಹೇಳಿದ್ದೇ ಕೊನೆಯ ಮಾತು ಅಂತ ಆಟದ ಸಂಪ್ರದಾಯ. ಆದರೆ ಡಿಎಂಗೆ ಊಟ ಹಾಕುವವಳು ನಾನಾದ್ದರಿಂದ ನಮ್ಮ ಮನೆಯಲ್ಲಿ ಮೇಲ್ಮನವಿಗೆ ಅವಕಾಶ ಉಂಟು.

ಈ ಹುದ್ದೆ ನನಗೆ ಪುಕ್ಕಟೆ ಬಂದದ್ದಲ್ಲ. ನನ್ನ ನೌಕರಿಯೇ ಆಡಿಟ್. ಸಾಹೇಬರೊಬ್ಬರು ಮೈಸೂರಿಗೆ ಟೂರ್ ಹೋದ ಬಿಲ್ಲು ಬರುತ್ತದೆ: ಸಹಿ ಇದೆ, ಸೀಲ್ ಇದೆ, ಸರಿ. ಅದೇ ಸಾಹೇಬರು ಸಂಸಾರ ಸಮೇತ ರಜೆಯ ಪ್ರವಾಸ ಹೋದ ಬಿಲ್ಲು ಇನ್ನೊಂದು ಫೈಲಿನಲ್ಲಿ ಬರುತ್ತದೆ: ಅದೂ ಸರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಾರೀಕೂ ಒಂದೇ, ಕಾರಿನ ನಂಬರೂ ಒಂದೇ. ಬಿಡಿಬಿಡಿಯಾಗಿ ಪಾಸಾಗುವ ಎರಡು ಕಾಗದ ಜೊತೆಯಾದಾಗ ಏನು ಹುಟ್ಟುತ್ತದೆ ಅಂತ ಮೂಸುವುದೇ ನನ್ನ ಸಂಬಳದ ಕೆಲಸ. ಆಟದಲ್ಲಿ ಎರಡು ಮಂತ್ರ ಹೀಗೆ ಜೊತೆಯಾಗುವುದಕ್ಕೆ ಹುಡುಗರು ಸ್ಪೆಲ್ ಕಾಂಬೊ ಅನ್ನುತ್ತಾರೆ. ಮೊದಲ ಸಲ ಅವರ ರೂಲ್ ಬುಕ್ ತಿರುವಿದಾಗ ನನಗೆ ತವರಿಗೆ ಬಂದಷ್ಟು ಹಿತವಾಯಿತು. ಆಟವನ್ನು 1974ರಲ್ಲಿ ಹೊರತಂದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅದಕ್ಕೆ ಮುಂಚೆ ಇನ್ಶೂರೆನ್ಸ್ ಕಂಪನಿಯಲ್ಲಿ ಅಂಡರ್‌ರೈಟರ್ ಆಗಿದ್ದರಂತೆ. ಅನುಮಾನವೇ ಬೇಡ, ಪುಸ್ತಕ ಓದಿದರೆ ಗೊತ್ತಾಗುತ್ತದೆ. ಪಾಲಿಸಿಯ ಹಿಂದಿನ ಪುಟದಲ್ಲಿ ಇರುವ ಹಾಗೆ ಪ್ರತಿ ಮಂತ್ರಕ್ಕೂ ದೂರ ಎಷ್ಟು, ಅವಧಿ ಎಷ್ಟು, ಸಾಮಗ್ರಿ ಏನು, ಯಾರಿಗೆ ಅನ್ವಯಿಸುವುದಿಲ್ಲ, ಎಲ್ಲ ಉಂಟು.

ಇನ್ನು ಕಕ್ಷಿದಾರರು. ವಿಜರ್ಡ್ ಪಾತ್ರ ಹಿಡಿದಿರುವವನು ಲಾ ಕಾಲೇಜಿನ ಹುಡುಗ, ಇಷ್ಟು ಹೇಳಿದರೆ ಸಾಕು. ಪಕ್ಕದ ಮನೆಯ ಹುಡುಗಿ ಫೈಟರ್, ಕೊಡಲಿ ಬಿಟ್ಟರೆ ಅವಳಿಗೆ ಬೇರೆ ಮಂತ್ರ ಗೊತ್ತಿಲ್ಲ. ಮೆಡಿಕಲ್ ಓದುವ ಮೌನಿಯೊಬ್ಬ ಡ್ರೂಯಿಡ್. ನಾಲ್ಕನೆಯವನಿಗೆ ಐಟಿ ಕಂಪನಿಯಲ್ಲಿ ನೈಟ್ ಶಿಫ್ಟ್. ಅವನ ಪಾತ್ರ ಅರ್ಧ ಸಾರ್ಸರರ್, ಅರ್ಧ ವಾರ್‌ಲಾಕ್. ಈ ಎರಡರ್ಧ ಸೇರಿದ್ದು ಕಾಕತಾಳೀಯವಲ್ಲ.

ವಾರ್‌ಲಾಕ್ ಒಂದು ಗಂಟೆ ಕಾಲು ಚಾಚಿ ಕೂತರೆ ಸಾಕು, ಖಾಲಿಯಾದ ಮಂತ್ರಶಕ್ತಿ ವಾಪಸು ತುಂಬಿಕೊಳ್ಳುತ್ತದೆ. ಸಾರ್ಸರರ್ ತನ್ನ ಮಂತ್ರಶಕ್ತಿಯನ್ನು ಚಿಲ್ಲರೆ ಮಾಡಿ, ಆ ಚಿಲ್ಲರೆಯನ್ನು ಕೂಡಿಸಿ ಮತ್ತೆ ನೋಟು ಮಾಡಿಕೊಳ್ಳಬಲ್ಲ. ಹೀಗೆ ಮಾಡಿಕೊಂಡ ನೋಟು ರಾತ್ರಿ ಪೂರ್ತಿ ನಿದ್ದೆ ಮಾಡಿ ಏಳುವಾಗ ಮಾಯ. ಸರಿ, ನಿದ್ದೆಯನ್ನೇ ಮಾಡದಿದ್ದರೆ? ಗಂಟೆಗೊಮ್ಮೆ ಕೂರು, ತುಂಬಿಸು, ಚಿಲ್ಲರೆ ಮಾಡು, ನೋಟು ಮಾಡು, ಪೆಟ್ಟಿಗೆಗೆ ಹಾಕು. ಪೆಟ್ಟಿಗೆ ತುಂಬುತ್ತಲೇ ಹೋಗುತ್ತದೆ. ಇಂಥವನಿಗೆ ಆಟದ ಲೋಕದಲ್ಲಿ ಕಾಫಿಲಾಕ್ ಅಂತ ಹೆಸರೇ ಬಿದ್ದಿದೆ. ಪ್ರಕಾಶಕರಿಗೂ ಈ ವಾಸನೆ ತಟ್ಟಿರಬೇಕು. 2017ರ ‘ಕ್ಸಾನಥಾರ್ಸ್ ಗೈಡ್ ಟು ಎವೆರಿಥಿಂಗ್’ ಪುಸ್ತಕದಲ್ಲಿ, ಇಡೀ ದಿನ ವಿಶ್ರಾಂತಿಯಿಲ್ಲದೆ ಕಳೆದವನು ದಾಳ ಎಸೆದು ಸೋತರೆ ಸುಸ್ತು ಏರುತ್ತದೆ, ದಿನದಿನಕ್ಕೆ ಆ ದಾಳ ಗೆಲ್ಲುವುದು ಕಷ್ಟವಾಗುತ್ತದೆ ಅಂತ ಒಂದು ಐಚ್ಛಿಕ ನಿಯಮ ಸೇರಿಸಿದರು. ನಾನು ಅದನ್ನು ಐಚ್ಛಿಕವಾಗಿ ಬಿಡಲಿಲ್ಲ. ಹುಡುಗ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ, ‘ಆಂಟಿ, ನಿದ್ದೆ ಇಲ್ಲದೆ ಮನುಷ್ಯ ಆರಾಮಾಗಿ ಇರಬಹುದು, ನಾನೇ ಸಾಕ್ಷಿ’ ಅಂದ. ಅವನ ಮುಖ ನೋಡಿ ಸಾಕ್ಷಿಯನ್ನು ಎದುರು ಪಕ್ಷದ ಖಾತೆಗೆ ಬರೆದುಕೊಂಡೆ.

ಆದರೆ ನಮ್ಮ ಹಾಲಿನಲ್ಲಿ ನಿಜಕ್ಕೂ ರಂಪ ಎದ್ದದ್ದು ಲಾ ಕಾಲೇಜಿನವನಿಂದ.

ಅವನ ವಿಜರ್ಡ್ 13ನೇ ಲೆವೆಲ್‌ಗೆ ಬಂದ ದಿನ ಫೋರ್ಸ್‌ಕೇಜ್ ಅನ್ನುವ ಮಂತ್ರ ಕೈಗೆ ಬಂತು. ಕಣ್ಣಿಗೆ ಕಾಣದ ಶಕ್ತಿಯ ಪಂಜರ, ಒಂದು ಗಂಟೆ ಬಾಳಿಕೆ. 2014ರ ಪುಸ್ತಕದ ಪ್ರಕಾರ ಅದರೊಳಗೆ ಸಿಕ್ಕಿಬೀಳದಂತೆ ತಪ್ಪಿಸಿಕೊಳ್ಳಲು ದಾಳ ಎಸೆಯುವ ಅವಕಾಶವೂ ಇಲ್ಲ. ಸಾಮಗ್ರಿ, 1,500 ಚಿನ್ನದ ನಾಣ್ಯ ಬೆಲೆಯ ಮಾಣಿಕ್ಯದ ಪುಡಿ. ಅದು ಖರ್ಚಾಗುತ್ತದೆ ಅಂತ ಎಲ್ಲೂ ಬರೆದಿಲ್ಲ. ಒಂದು ಸಲ ಕೊಂಡರೆ ಜೀವಮಾನಪೂರ್ತಿ ಅದೇ ವೋಚರ್. ಇಷ್ಟು ಸಾಲದು ಅಂತ ಇದಕ್ಕೆ ಕಾನ್ಸಂಟ್ರೇಶನ್ನೂ ಬೇಡ. ಈ ಕಾನ್ಸಂಟ್ರೇಶನ್ ಅನ್ನುವುದೇ ಈಗಿನ ಆಟದ ದೊಡ್ಡ ಬೇಲಿ: ಗಮನವಿಟ್ಟು ಹಿಡಿದಿರಬೇಕಾದ ಮಂತ್ರ ಒಬ್ಬನಿಗೆ ಒಂದು ಹೊತ್ತಿಗೆ ಒಂದೇ. ಇನ್ನೊಂದು ಶುರು ಮಾಡಿದರೆ ಮೊದಲಿನದು ಕೈಬಿಟ್ಟಿತು. ಪಂಜರಕ್ಕೆ ಆ ಬೇಲಿ ಇಲ್ಲದ್ದರಿಂದ ಗಮನವೆಲ್ಲ ಇನ್ನೊಂದಕ್ಕೆ ಉಳಿಯಿತು.

ಆ ಇನ್ನೊಂದು, ಸಿಕನಿಂಗ್ ರೇಡಿಯನ್ಸ್. ಹಸಿರು ಬಣ್ಣದ ರೋಗಿಷ್ಟ ಬೆಳಕು. ಅದರೊಳಗೆ ಇರುವವನು ಪ್ರತಿ ಸುತ್ತಿನಲ್ಲೂ ದಾಳ ಎಸೆಯಬೇಕು. ಸೋತರೆ ಒಂದಷ್ಟು ಪೆಟ್ಟು, ಜೊತೆಗೆ ಒಂದು ಹಂತ ಸುಸ್ತು. ಪೆಟ್ಟು ಹೋಗಲಿ, 2014ರ ಪುಸ್ತಕದ ಸುಸ್ತಿನ ಮೆಟ್ಟಿಲು ನೋಡಿ. ಎರಡನೇ ಹಂತಕ್ಕೆ ನಡಿಗೆ ಅರ್ಧ. ಮೂರಕ್ಕೆ ದಾಳವನ್ನು ಎರಡು ಸಲ ಎಸೆದು ಕಡಿಮೆ ಬಿದ್ದದ್ದನ್ನೇ ಒಪ್ಪಿಕೊಳ್ಳಬೇಕು, ಅಂದರೆ ಮುಂದಿನ ಸೋಲು ಇನ್ನೂ ಸಲೀಸು. ನಾಲ್ಕಕ್ಕೆ ಜೀವವೇ ಅರ್ಧ. ಐದಕ್ಕೆ ಕಾಲು ಕದಲುವುದಿಲ್ಲ. ಆರಕ್ಕೆ ಸಾವು. ಬೆಳಕು ಉಳಿಯುವುದು ಹತ್ತು ನಿಮಿಷ. ಆಟದಲ್ಲಿ ಒಂದು ಸುತ್ತಿಗೆ ಆರು ಸೆಕೆಂಡು, ಅಲ್ಲಿಗೆ ನೂರು ಸುತ್ತು. ನೂರು ಸಲ ಎಸೆದು ಆರು ಸಲವೂ ಸೋಲದ ಭೂಪ ದೈತ್ಯರಲ್ಲಿ ಎಷ್ಟು ಜನ ಇದ್ದಾರು? ಬಯಲಿನಲ್ಲಾದರೆ ಎರಡು ಹೆಜ್ಜೆ ಹಾಕಿ ಬೆಳಕಿನಿಂದ ಆಚೆ ಬರಬಹುದು. ಪಂಜರದೊಳಗಿನಿಂದ ಎಲ್ಲಿಗೆ ಬರುವುದು? ಈ ಜೋಡಿಗೆ ಆಡುವವರು ಇಟ್ಟಿರುವ ಅಡ್ಡಹೆಸರು ಮೈಕ್ರೋವೇವ್.

ಮಗ ತಿಂಗಳುಗಟ್ಟಲೆ ಕಟ್ಟಿ ಬೆಳೆಸಿದ ದೈತ್ಯರಾಜ ಒಬ್ಬನಿದ್ದ. ಅವನಿಗೊಂದು ವಂಶವೃಕ್ಷ, ಕಳೆದುಹೋದ ತಂಗಿ, ಸಾಯುವ ಮುನ್ನ ಆಡಬೇಕಾದ ಮಾತು, ಎಲ್ಲ ನೋಟ್‌ಬುಕ್ಕಿನಲ್ಲಿ ತಯಾರಿತ್ತು. ಲಾ ಕಾಲೇಜಿನವನು ಪಂಜರ ಹಾಕಿದ, ದೀಪ ಹಚ್ಚಿದ, ಆಮೇಲೆ ಕುರ್ಚಿಗೆ ಒರಗಿ ಕೋಡುಬಳೆ ಕೈಗೆತ್ತಿಕೊಂಡ. ಮುಂದಿನ ಅರ್ಧ ಗಂಟೆ ಮಗ ಒಬ್ಬನೇ ದಾಳ ಎಸೆಯುತ್ತಿದ್ದ, ತನ್ನ ದೈತ್ಯನ ಸಾವಿಗೆ ತಾನೇ. ಕೊಡಲಿಯ ಹುಡುಗಿ ಫೋನ್ ತೆಗೆದಳು. ಮೌನಿ ಇನ್ನಷ್ಟು ಮೌನಿಯಾದ. ನೈಟ್ ಶಿಫ್ಟಿನವನಿಗೆ ಸೋಫಾದಲ್ಲಿ ಜೊಂಪು ಹತ್ತಿ, ಕಾಫಿಲಾಕ್ ವಿಚಾರಣೆಯಲ್ಲಿ ಅವನು ನುಡಿದಿದ್ದ ಸಾಕ್ಷ್ಯಕ್ಕೂ ಕುತ್ತು ಬಂತು. ‘ಅಮ್ಮಾ, ಇದು ಬ್ಯಾಲೆನ್ಸ್ಡಾ?’ ಅಂತ ಮಗ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

ವಿಜರ್ಡ್ ಪರ ವಾದ ಗಟ್ಟಿಯಾಗಿಯೇ ಇತ್ತು. ‘ಆಂಟಿ, ಫೋರ್ಸ್‌ಕೇಜ್‌ನಲ್ಲಿ ಡ್ಯಾಮೇಜ್ ಎಷ್ಟು ಹೇಳಿ? ಸೊನ್ನೆ. ಸೊನ್ನೆ ಡ್ಯಾಮೇಜಿನ ಸ್ಪೆಲ್ ಓವರ್‌ಪವರ್ಡ್ ಹೇಗಾಗುತ್ತೆ?’

ಲೆಕ್ಕದ ದಾರಿಯಲ್ಲೇ ಹೋಗೋಣ ಅಂತ ನಾನು ಫೈರ್‌ಬಾಲ್ ತೆಗೆದೆ. ಹೊಸ ಮಂತ್ರ ಕಟ್ಟುವ ಡಿಎಂಗಳಿಗಾಗಿ 2014ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ಒಂದು ಕೋಷ್ಟಕವಿದೆ. ಮೂರನೇ ಲೆವೆಲ್ಲಿನ ಮಂತ್ರ ಹಲವರಿಗೆ ಒಟ್ಟಿಗೆ ಪೆಟ್ಟು ಕೊಡುವುದಾದರೆ ಆರು ಮುಖದ ದಾಳ ಆರು ಎಸೆದಷ್ಟು ಕೊಡಬಹುದು, ಸರಾಸರಿ 21. ಅದೇ ಪ್ರಕಾಶಕರ ಫೈರ್‌ಬಾಲ್ ಕೊಡುವುದು ಅಂಥ ಎಂಟು ದಾಳ, ಸರಾಸರಿ 28. ತಾವೇ ಹಾಕಿದ ಮಿತಿಯನ್ನು ತಾವೇ ದಾಟಿದ್ದಾರೆ. ನಮ್ಮ ಕಚೇರಿಯಲ್ಲಾಗಿದ್ದರೆ ಆಕ್ಷೇಪಣೆ ಬರೆಯಲು ಇಷ್ಟು ಸಾಕು. ಆದರೂ ಫೈರ್‌ಬಾಲ್ ಮೇಲೆ ನಮ್ಮ ಮನೆಯಲ್ಲಿ ಒಂದು ದೂರೂ ಬಂದಿಲ್ಲ. ಅದು ಬಿದ್ದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಎಂಟು ದಾಳ ಟೇಬಲ್ ಮೇಲೆ ಗಲಗಲ ಉರುಳುತ್ತವೆ, ಎದುರಿನವರಿಗೂ ದಾಳ ಎಸೆದು ಅರ್ಧ ಪೆಟ್ಟು ಉಳಿಸಿಕೊಳ್ಳುವ ಅವಕಾಶವಿದೆ, ಇಪ್ಪತ್ತು ಅಡಿಯ ತ್ರಿಜ್ಯದೊಳಗೆ ನಮ್ಮವರೇ ಇದ್ದರೆ ಅವರ ಮೀಸೆಯೂ ಸುಡುತ್ತದೆ. ಕೊಡಲಿಯ ಹುಡುಗಿ ಎರಡು ಸಲ ಸುಟ್ಟುಕೊಂಡಿದ್ದಾಳೆ, ಎರಡು ಸಲವೂ ನಕ್ಕಿದ್ದಾಳೆ. ಲೆಕ್ಕದಲ್ಲಿ ಸಿಕ್ಕಿಬಿದ್ದವನು ನಿರಪರಾಧಿ. ಲೆಕ್ಕಕ್ಕೆ ಸಿಗದ ಸೊನ್ನೆ ಡ್ಯಾಮೇಜಿನವನು ಇಡೀ ಮಧ್ಯಾಹ್ನ ನುಂಗಿದ. ಹಾಗಾಗಿ ಅವತ್ತಿನಿಂದ ನನ್ನ ಪರೀಕ್ಷೆಯೇ ಬೇರೆ. ಕಾಂಬೊ ಶುರುವಾದ ಮೇಲೆ ಎಷ್ಟು ಜನ ಫೋನ್ ತೆಗೆದರು ಅಂತ ನೋಡುತ್ತೇನೆ.

ಈ ಪರೀಕ್ಷೆಗೆ ಡಾರ್ಕ್‌ನೆಸ್ ಪ್ರಕರಣ ಕೂಡಲೇ ಸಿಕ್ಕಿಬಿತ್ತು. ವಾರ್‌ಲಾಕ್ ಸುತ್ತ ಮಂತ್ರದ ಕತ್ತಲೆ ಕವಿಸುತ್ತಾನೆ. ಡೆವಿಲ್ಸ್ ಸೈಟ್ ಅನ್ನುವ ಶಕ್ತಿ ಇರುವುದರಿಂದ ಅವನಿಗೆ ಮಾತ್ರ ಒಳಗೆಲ್ಲ ಕಾಣುತ್ತದೆ. ಕಾಗದದ ಮೇಲೆ ಸಾಧಾರಣ ಜೋಡಿ. ಆದರೆ ಶತ್ರುವಿಗೆ ಕಾಣದ ಕತ್ತಲೆಯಲ್ಲಿ ಕೊಡಲಿಯವಳಿಗೂ ಏನೂ ಕಾಣುವುದಿಲ್ಲ. ‘ನಾನು ಕರೆಂಟ್ ಬರೋವರೆಗೂ ಕಾಯ್ತೀನಿ’ ಅಂತ ಅವಳು ಮನೆಗೇ ಹೋಗಿಬಿಟ್ಟಳು.

ಪಾಸಾದ ಜೋಡಿಗಳೂ ಇವೆ. ನನಗೆ ಅಚ್ಚುಮೆಚ್ಚು ಸ್ಪೈಕ್ ಗ್ರೋತ್. ಡ್ರೂಯಿಡ್ ನೆಲದ ತುಂಬ ಮುಳ್ಳು ಬೆಳೆಸುತ್ತಾನೆ. ಅದರ ಮೇಲೆ ಪ್ರತಿ ಐದು ಅಡಿ ಸಾಗಿದ್ದಕ್ಕೂ ಪೆಟ್ಟು. ವಾರ್‌ಲಾಕ್ ಶತ್ರುವನ್ನು ಹತ್ತತ್ತು ಅಡಿ ಹಿಂದಕ್ಕೆ ನೂಕುತ್ತಾನೆ, ಫೈಟರ್ ಜುಟ್ಟು ಹಿಡಿದು ವಾಪಸು ಎಳೆಯುತ್ತಾಳೆ. ತುರಿಮಣೆಯ ಮೇಲೆ ತೆಂಗಿನ ಹೋಳು ಆಡಿಸಿದ ಹಾಗೆ. ಪೆಟ್ಟಿನ ಲೆಕ್ಕ ಹಾಕಿದರೆ ಫೈರ್‌ಬಾಲ್ ನಾಚಬೇಕು. ಆದರೂ ಕಣ್ಣುಮುಚ್ಚಿ ಪಾಸು ಮಾಡಿದ್ದೇನೆ, ಯಾಕೆಂದರೆ ಇದಕ್ಕೆ ಮೂರು ಜನ ಬೇಕು. ಮೌನಿ ಹುಡುಗ ಆ ದಿನ ‘ಎಳಿ, ಇನ್ನೊಂದ್ಸಲ ಎಳಿ’ ಅಂತ ಕಿರುಚಿದ್ದು ಬೀದಿಗೆ ಕೇಳಿಸಿತು.

ಪ್ರಕಾಶಕರನ್ನು ಬೈಯುವುದು ಸುಲಭ. ಆದರೆ ಅವರ ಮೇಜನ್ನೂ ಕೊಂಚ ಊಹಿಸಿಕೊಳ್ಳಬೇಕು. 2014ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಒಂದರಲ್ಲೇ 360ಕ್ಕೂ ಹೆಚ್ಚು ಮಂತ್ರಗಳಿವೆ. ಎರಡೆರಡಾಗಿ ಜೋಡಿಸಿದರೆ 64 ಸಾವಿರ ದಾಟುತ್ತದೆ. ಪಂಜರ 2014ರದ್ದು, ಹಸಿರು ಬೆಳಕು 2017ರದ್ದು; ಎರಡಕ್ಕೂ ಬೇರೆಬೇರೆ ಫೈಲು. ಕೊನೆಗೆ 2024ರ ಹೊಸ ಪುಸ್ತಕದಲ್ಲಿ ಫೋರ್ಸ್‌ಕೇಜ್‌ಗೂ ಕಾನ್ಸಂಟ್ರೇಶನ್ ಬೇಕು ಅಂತ ಮಾಡಿದರು. ನಮ್ಮ ಹುಡುಗರು ಆಡುವುದು ಹಳೇ ಪುಸ್ತಕದಲ್ಲೇ, ಹೊಸದರಿಂದ ತಮಗೆ ಲಾಭವಿರುವ ಪುಟ ಮಾತ್ರ ತೋರಿಸುತ್ತಾರೆ. ನಾನು ಲಾಭವಿಲ್ಲದ ಪುಟವನ್ನೂ ತೆರೆದು ಆದೇಶ ಹೊರಡಿಸಿದೆ: ಇನ್ನು ಮುಂದೆ ಪಂಜರ ಹಿಡಿದವನು ದೀಪ ಹಚ್ಚುವಂತಿಲ್ಲ. ಮುಂದಿನ ವಾರ ಲಾ ಕಾಲೇಜಿನವನು ತನ್ನ ಚಿಕ್ಕಪ್ಪನ ಮಗನನ್ನು ಕರೆತಂದ. ಆ ಹುಡುಗನ ಪಾತ್ರವೂ ವಿಜರ್ಡ್, ಅವನಿಗೆ ಗೊತ್ತಿದ್ದ ದೊಡ್ಡ ಮಂತ್ರ ಹಸಿರು ದೀಪ ಒಂದೇ. ಒಬ್ಬರ ಬದಲು ಇಬ್ಬರ ಸಹಿ! ಸ್ವಲ್ಪ ಮೆಚ್ಚುಗೆಯೂ ಆಯಿತೆನ್ನಿ. ಆದರೆ ಎರಡನೇ ಸುತ್ತಿಗೇ ಆ ಹುಡುಗ ಫೋನ್ ತೆಗೆದ, ಅದೂ ದೀಪ ಹಚ್ಚಿದ ಕೈಯಲ್ಲೇ. ಪ್ರಕರಣ ಮುಕ್ತಾಯ.

ಸದ್ಯ ನನ್ನ ಮುಂದಿರುವ ಅರ್ಜಿ ಅನಿಮೇಟ್ ಆಬ್ಜೆಕ್ಟ್ಸ್ ಬಗ್ಗೆ. ಹತ್ತು ಸಣ್ಣ ವಸ್ತುಗಳಿಗೆ ಜೀವ ಬರಿಸಿ ಶತ್ರುವಿನ ಮೇಲೆ ಬಿಡುವ ಮಂತ್ರ. ವಿಜರ್ಡ್ ಮಹಾಶಯ ಆರಿಸಿಕೊಂಡಿರುವುದು ಹತ್ತು ಚಮಚ. ಕೋಟೆಗೆ ನುಗ್ಗುವಾಗ ಚಮಚ ಹಿಡಿದವನನ್ನು ಯಾವ ಕಾವಲುಗಾರ ತಡೆಯುತ್ತಾನೆ ಅನ್ನುವುದು ಅವನ ವಾದ. ಟೇಬಲ್ ಮೇಲೆ ತೋರಿಸಲು ನನ್ನ ಅಡುಗೆಮನೆಯಿಂದಲೇ ಹತ್ತು ಚಮಚ ಎತ್ತಿಕೊಂಡು ಹೋಗಿ ಸಾಲಾಗಿ ನಿಲ್ಲಿಸಿದ್ದ. ಒಂದೊಂದು ಚಮಚಕ್ಕೂ ಬೇರೆ ದಾಳ, ಪ್ರತಿ ಸುತ್ತಿಗೂ ಹತ್ತು ಸಲ. ಅಷ್ಟರಲ್ಲಿ ಉಳಿದವರು ಒಂದು ಸಿನಿಮಾ ನೋಡಿ ಬರಬಹುದು. ಷರತ್ತು ಹಾಕಿ ಪಾಸು ಮಾಡಿದೆ. ಹತ್ತೂ ದಾಳ ಒಟ್ಟಿಗೆ ಎಸೆಯಬೇಕು, ಆಟ ಮುಗಿದ ಮೇಲೆ ಹತ್ತೂ ಚಮಚ ತೊಳೆದು ಸ್ಟ್ಯಾಂಡಿಗೆ ಹಾಕಬೇಕು.

‘ತೊಳೆಯೋದು ಆಕ್ಷನ್ನಾ, ಬೋನಸ್ ಆಕ್ಷನ್ನಾ, ಆಂಟಿ?’

‘ಕಾನ್ಸಂಟ್ರೇಶನ್,’ ಅಂದೆ.

ಅವನು ಪುಸ್ತಕ ತಿರುವಿದ, ಬೆರಳಿಟ್ಟು ಒಂದು ಸಾಲು ಓದಿದ, ಮುಖ ಅರಳಿತು. ‘ಅನಿಮೇಟ್ ಆಬ್ಜೆಕ್ಟ್ಸ್‌ಗೂ ಕಾನ್ಸಂಟ್ರೇಶನ್ನೇ ಆಂಟಿ. ತೊಳೆಯೋಕೆ ನಿಂತ ತಕ್ಷಣ ಮೊದಲನೇದು ಬ್ರೇಕ್ ಆಗುತ್ತೆ, ಹತ್ತೂ ಚಮಚ ನೆಲಕ್ಕೆ ಬೀಳುತ್ತೆ. ನೀವು ಹೇಳಿದ ರೂಲೇ.’