ಬೀಗರೂ ಬೀಗವೂ

ಬೀಗರು ಬರುತ್ತಾರೆಂದು ಫೋನ್ ಬಂದರೆ ಮನೆಯ ರೂಪವೇ ಬದಲಾಗುತ್ತದೆ. ಅಟ್ಟದ ಮೇಲಿನ ಬೆಳ್ಳಿ ಲೋಟ ಕೆಳಗಿಳಿಯುತ್ತದೆ, ಹಜಾರದ ಹಗ್ಗದ ಮೇಲಿನ ಬಟ್ಟೆ ಮಾಯವಾಗುತ್ತದೆ, ಸೊಸೆಗೆ ಅವತ್ತೊಂದಿನ ‘ಕೂತ್ಕೋಮ್ಮ, ಸುಸ್ತಾಗಿದ್ದೀಯ’ ಎಂಬ ಮಾತೂ ಸಿಗುತ್ತದೆ.

ಬೆಂಗಳೂರಿನ ಎಷ್ಟೋ ಗಾರ್ಮೆಂಟ್ಸ್‌ಗಳಲ್ಲಿ ಇದಕ್ಕೆ ಆಡಿಟ್ ಎಂದು ಹೆಸರು. ಅಂದು ಬೆಳಿಗ್ಗೆ ಹೊಲಿಗೆ ಮಿಷನ್ನುಗಳಿಗೆ ನೀಡಲ್ ಗಾರ್ಡ್ ಮೊಳೆಯುತ್ತದೆ. ಕಟಿಂಗ್ ಮೇಜಿನವನ ಕೈಗೆ ಸ್ಟೀಲ್ ಗ್ಲೌಸ್ ಏರುತ್ತದೆ. ಫಸ್ಟ್ ಏಡ್ ಡಬ್ಬಕ್ಕೆ ಹತ್ತಿ ಬರುತ್ತದೆ. ದಿನವೂ ‘ಪ್ರೊಡಕ್ಷನ್, ಪ್ರೊಡಕ್ಷನ್’ ಎಂದು ಕಿರುಚುವ ಸೂಪರ್‌ವೈಸರ್ ‘ನೀರು ಕುಡಿದ್ಯೇನಮ್ಮ?’ ಎನ್ನುತ್ತಾನೆ. ಬೀಗರು ಕಾರು ಹತ್ತಿದ ಮೇಲೆ ಗ್ಲೌಸ್ ಸ್ಟೋರಿಗೆ, ಸೊಸೆ ಒಲೆಗೆ.

ಹೀಗಾಗುತ್ತದೆಂದು ಲೋಕದ ಹಿರಿಯರಿಗೆ ಮೊದಲೇ ಗೊತ್ತಿತ್ತು. ಕಾರ್ಮಿಕ ಇನ್‌ಸ್ಪೆಕ್ಟರ್ ಹಗಲಾಗಲಿ ಇರುಳಾಗಲಿ, ಹೇಳದೆ ಕೇಳದೆ ಕಾರ್ಖಾನೆಗೆ ನುಗ್ಗಬಹುದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) 1947ರಲ್ಲೇ ತನ್ನ 81ನೇ ಒಡಂಬಡಿಕೆಯಲ್ಲಿ ಬರೆಯಿತು. ಭಾರತ 1949ರಲ್ಲಿ ಒಪ್ಪಿತು. 1972ರಲ್ಲಿ ದೇಶದೇಶದ ತಪಾಸಣೆಯವರು ಸೇರಿ ಅಂತರರಾಷ್ಟ್ರೀಯ ಸಂಘವನ್ನೂ ಕಟ್ಟಿಕೊಂಡರು. ಅಂದಿನಿಂದ ಅನುಭವ ವಿನಿಮಯ ನಿಂತಿಲ್ಲ. ಹೇಳದೆ ಹೋಗುವವರು ಸೇರುವ ಸಭೆಗಳಿಗೆ ಮಾತ್ರ ತಿಂಗಳುಗಟ್ಟಲೆ ಮೊದಲೇ ಆಮಂತ್ರಣ ಹೋಗುತ್ತದೆ. ಊಟದ ವೇಳೆಯೂ ಅದರಲ್ಲೇ ಅಚ್ಚಾಗಿರುತ್ತದೆ.

ಸರ್ಕಾರಿ ಇನ್‌ಸ್ಪೆಕ್ಟರ್ ಸಾಲದೆಂದು ಪ್ರಮಾಣಪತ್ರ ಕೊಡುವ ಖಾಸಗಿ ಬೀಗರೂ ಬಂದರು. ಅಂತರರಾಷ್ಟ್ರೀಯ ಸಹಕಾರದ ಪರಾಕಾಷ್ಠೆ ನೋಡಬೇಕೆಂದರೆ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಉಡುಪು ಕಾರ್ಖಾನೆಯನ್ನು ನೋಡಬೇಕು. ಮಾನದಂಡ ಅಮೆರಿಕದ್ದು, ಪ್ರಮಾಣಪತ್ರ ಇಟಲಿಯದ್ದು, ಗಿರಾಕಿ ಜರ್ಮನಿಯವನು. ಇಟಲಿಯವರ ಪರವಾಗಿ ಕಣ್ಣಾಡಿಸಿ ಬಂದದ್ದು ಸ್ಥಳೀಯ ಗುತ್ತಿಗೆ ಸಂಸ್ಥೆ. ‘ಎಲ್ಲ ಸರಿಯಿದೆ’ ಎಂಬ ಪತ್ರ ಕೈಸೇರಿ ಕೆಲವೇ ವಾರಗಳಲ್ಲಿ, 2012ರ ಸೆಪ್ಟೆಂಬರ್ 11ರಂದು, ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಮಂದಿ ಸತ್ತರು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಬೆಂಕಿ ಹಚ್ಚಿದವರು ಸುಲಿಗೆಕೋರರೆಂದು 2020ರಲ್ಲಿ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಆದರೆ ಬಾಗಿಲು ಮುಚ್ಚಿಟ್ಟವರು ಅವರಲ್ಲವಲ್ಲ! ಬೀಗರು ಬಂದು ಹೋದರು, ಬೀಗ ಉಳಿಯಿತು.

ಭಾರತದಲ್ಲಿ ನಾವೂ ಪಾಠ ಕಲಿತೆವು. ಇನ್‌ಸ್ಪೆಕ್ಟರ್ ಎಂಬ ಹೆಸರೇ ಒರಟು ಎಂದುಕೊಂಡು 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ ಆತನನ್ನು ‘ಇನ್‌ಸ್ಪೆಕ್ಟರ್-ಕಂ-ಫೆಸಿಲಿಟೇಟರ್’ ಮಾಡಿದೆವು. ಎಲ್ಲಿಗೆ ಹೋಗಬೇಕೆಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಹೋದಲ್ಲಿ ಮಾಲೀಕನಿಗೆ ಸಲಹೆ ಕೊಡುವುದೂ ಇವನದೇ ಕೆಲಸ. ಒಂದು ಜೇಬಿನಲ್ಲಿ ದಂಡದ ಪುಸ್ತಕ, ಇನ್ನೊಂದರಲ್ಲಿ ತಾಂಬೂಲ. ಕೈ ಮೊದಲು ಯಾವ ಜೇಬಿಗೆ ಹೋಗುತ್ತದೆಂದು ಹೇಳಲು ಕಂಪ್ಯೂಟರ್ ಬೇಕಿಲ್ಲ.

ಹಾಗಂತ ಸಹಕಾರವೇ ಸುಳ್ಳೆನ್ನಲಾಗದು. ಒಡಂಬಡಿಕೆ ಸಮುದ್ರ ದಾಟುತ್ತದೆ, ಪ್ರಮಾಣಪತ್ರ ಖಂಡ ದಾಟುತ್ತದೆ, ನಾವು ಹೊಲಿದ ಅಂಗಿ ಎರಡನ್ನೂ ದಾಟುತ್ತದೆ. ತುರ್ತು ಬಾಗಿಲಿನ ಬೀಗದ ಕೈ ಮಾತ್ರ ಇನ್ನೂ ಸೂಪರ್‌ವೈಸರನ ಜೇಬು ದಾಟಿಲ್ಲ.